ಆರ್‌ಟಿಸಿಯಲ್ಲಿ 25 ಸೆಂಟ್ಸ್, ಕ್ಯಾಡ್‌ನಲ್ಲಿ 23.96: ಬ್ರಹ್ಮಾವರದ ಒಂದು ಜಾಗದ ನಕ್ಷೆ ಮಾಡಿದ ಲೆಕ್ಕ

ಬ್ರಹ್ಮಾವರದಿಂದ ಸ್ವಲ್ಪ ಒಳಗೆ ಚಿಕ್ಕಮ್ಮನ ಮನೆ ಜಾಗ. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, 25 ಸೆಂಟ್ಸ್ (ನೂರು ಸೆಂಟ್ಸ್‌ಗೆ ಒಂದು ಎಕರೆ). ಹಳೆ ಹಂಚಿನ ಮನೆಯ ಪಕ್ಕದಲ್ಲಿ ಹೊಸ ಮನೆ ಕಟ್ಟಬೇಕು ಅಂತ ಇದೆ. ಎಂಜಿನಿಯರ್ ಮೊದಲು ಕೇಳಿದ್ದೇ ಜಾಗದ ನಕ್ಷೆ, ಅದೂ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಸಾಫ್ಟ್‌ವೇರ್) ಫೈಲಿನಲ್ಲೇ ಬೇಕು ಅಂದರು. ನಾನು ದಿನವಿಡೀ ಆಟೋಕ್ಯಾಡ್ ಎದುರು ಕೂರುವವನೇ, ಆದರೆ ಎಳೆಯುವುದು ಎಸಿ ಡಕ್ಟ್. ಜಾಗದ ನಕ್ಷೆ ಮಾಡಿದ್ದು ಇದೇ ಮೊದಲು. "ನಿನಗೆ ಕಂಪ್ಯೂಟರಲ್ಲಿ ಗೆರೆ ಎಳೆಯಲಿಕ್ಕೆ ಬರ್ತದಲ್ಲ, ಇನ್ನೊಬ್ಬರಿಗೆ ಯಾಕೆ ದುಡ್ಡು ಕೊಡುದು" ಅಂತ ಚಿಕ್ಕಮ್ಮ ಕೆಲಸ ನನಗೇ ಅಂಟಿಸಿದರು.

ಗೆರೆ ಎಳೆಯುವುದು ಒಂದು ಸಂಜೆಯ ಕೆಲಸ, ಅದು ನಿಜ. ಸಮಯ ತಿಂದದ್ದು ಬೇರೆ. ಪ್ರತಿ ಗೆರೆಯೂ ಎಲ್ಲಿಂದ ಬಂತು, ಗೋಡೆಯದ್ದಾ, ದಾಖಲೆಯದ್ದಾ, ಬಾಯಿಮಾತಿನದ್ದಾ ಎಂದು ತಿಳಿದುಕೊಳ್ಳುವುದು. ಹಾಗಾಗಿ ಕೆಳಗೆ ಕಮಾಂಡ್‌ಗಳಿಗಿಂತ ಎಡವಟ್ಟುಗಳೇ ಜಾಸ್ತಿ ಇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮನೆ ಎಲ್ಲಿ ಕೂರಿಸಬೇಕು ಎಂದು ನೋಡಲು ಮಾಡಿದ ಖಾಸಗಿ ನಕ್ಷೆ. ಜಾಗ ಪಾಲು ಮಾಡಲು, ಅದರ ಒಂದು ಭಾಗ ಮಾರಲು ಸರ್ವೆ ಇಲಾಖೆಯ 11ಇ ನಕ್ಷೆಯೇ ಬೇಕು. ಗಡಿ ಗುರುತಿಸಲು ಸರ್ವೆ ಇಲಾಖೆಯ ಹದ್ದುಬಸ್ತು ಆಗಬೇಕು. ಅದಕ್ಕೆ ಇದು ಬದಲಿ ಆಗುವುದಿಲ್ಲ.

ಹಂತ 1: ಕೈಯಲ್ಲಿ ಏನೇನಿತ್ತು

ಒಬ್ಬರು ಖಾಸಗಿ ಸರ್ವೆಯರ್ ಟೋಟಲ್ ಸ್ಟೇಷನ್ (ಪ್ರಿಸಂ ಕೋಲು ಹಿಡಿದ ಜಾಗದ ದೂರ, ಕೋನ ಅಳೆಯುವ ಉಪಕರಣ) ಇಟ್ಟು ಅಳೆದು ಹೋಗಿದ್ದರು. 6,000 ರೂಪಾಯಿ ತೆಗೆದುಕೊಂಡರು. ಕೊಟ್ಟದ್ದು ವಾಟ್ಸಾಪಿನಲ್ಲಿ ಒಂದು ಸಿಎಸ್‌ವಿ ಫೈಲ್ (ಕಾಮಾ ಹಾಕಿ ಬೇರ್ಪಡಿಸಿದ ಸಂಖ್ಯೆಗಳ ಪಟ್ಟಿ), 46 ಸಾಲು, ಅಷ್ಟೇ. ಜೊತೆಗೆ ಚಿಕ್ಕಮ್ಮನ ಟ್ರಂಕಿನಿಂದ ಎಫ್‌ಎಂಬಿ ಹಾಳೆಯ (ಸರ್ವೆ ಇಲಾಖೆಯ ಅಳತೆ ನಕ್ಷೆ) ಹಳೇ ಪ್ರತಿ, ಆರ್‌ಟಿಸಿ, ವಿಭಾಗಪತ್ರ. ನನ್ನದು 30 ಮೀಟರಿನ ಫೈಬರ್ ಟೇಪು, 450 ರೂಪಾಯಿ.

ಸಿಎಸ್‌ವಿಯಲ್ಲಿ ಪ್ರತಿ ಸಾಲಿಗೆ ಐದು ಕಾಲಂ: ಪಾಯಿಂಟ್ ನಂಬರ್, ಎರಡು ಅಳತೆ, ಎತ್ತರ, ಕೊನೆಗೆ ಒಂದು ಕೋಡ್. ಕಾಲಂಗಳಿಗೆ ತಲೆಬರಹ ಇಲ್ಲ. ಕೋಡ್‌ಗಳು ಸಿಡಬ್ಲ್ಯು, ಎಚ್‌ಸಿ, ಇಪಿ, ಆರ್‌ಡಿ, ಜಿಎಲ್, ಹೀಗೆ. ಕಾಂಪೌಂಡ್ ಗೋಡೆ, ಮನೆ ಮೂಲೆ, ಕರೆಂಟ್ ಕಂಬ, ರಸ್ತೆ, ನೆಲದ ಮಟ್ಟ. ಎಸ್‌ಟಿ ಅಂತ ಎರಡು ಪಾಯಿಂಟ್ ಇತ್ತು. ಸ್ಟೇಷನ್ ಇರಬೇಕು, ಅಂದರೆ ಉಪಕರಣ ಇಟ್ಟ ಜಾಗ ಅಂದುಕೊಂಡು ಮುಂದೆ ಹೋದೆ. ಇದು ನೆನಪಿರಲಿ, ಮುಂದೆ ಬರುತ್ತದೆ.

ಮೊದಲ ಪಾಯಿಂಟ್ 1000, 1000, ಎತ್ತರ 100. ಇದು ಭೂಮಿಯ ಮೇಲಿನ ನಿಜವಾದ ನಿರ್ದೇಶಾಂಕ ಅಲ್ಲ. ಉಪಕರಣ ಇಟ್ಟ ಜಾಗಕ್ಕೆ ಸುಮ್ನೆ ಒಂದು ಸಂಖ್ಯೆ ಕೊಟ್ಟು ಅಲ್ಲಿಂದ ಅಳೆಯುವ ಪದ್ಧತಿ. ಸಣ್ಣ ಜಾಗಕ್ಕೆ ತಪ್ಪೇನಿಲ್ಲ. ಆದರೆ ಇದರಿಂದ ಎರಡು ತೊಂದರೆ ಹುಟ್ಟುತ್ತವೆ. ಎರಡೂ ನನಗೆ ತಗುಲಿದವು.

ಗೋಡೆ ಯಾವ ಮುಖಕ್ಕೆ ಅಳೆದಿದ್ದಾರೆ ಅಂತ ಫೋನ್ ಮಾಡಿ ಕೇಳಿಕೊಂಡೆ. ಉತ್ತರದ ಗೋಡೆ ನಮ್ಮದು, ಹೊರ ಮುಖಕ್ಕೆ ಪ್ರಿಸಂ ಹಿಡಿದಿದ್ದಾರೆ. ದಕ್ಷಿಣದ ಗೋಡೆ ಪಕ್ಕದ ಮನೆಯವರದ್ದು, ನಮ್ಮ ಕಡೆಯ ಮುಖಕ್ಕೆ ಅಳೆದಿದ್ದಾರೆ. ಸರಿಯೇ. ಕೆಂಪುಕಲ್ಲಿನ ಗೋಡೆ, ಗಾರೆ ಸೇರಿ ಹತ್ತಿರ ಹತ್ತಿರ ಮುಕ್ಕಾಲು ಅಡಿ ದಪ್ಪ. 28 ಮೀಟರ್ ಉದ್ದಕ್ಕೆ ಆ ಮುಖ ಈ ಮುಖ ಅಂತ ತಪ್ಪಿದರೆ 6 ಚದರ ಮೀಟರ್‌ಗಿಂತ ಜಾಸ್ತಿ ಅತ್ತಿತ್ತ ಆಗುತ್ತದೆ. ಆ ಸರ್ವೆಯರ್ ಕೈಯಲ್ಲಿ ಗೀಚಿಕೊಂಡ ನಕ್ಷೆಯ ಫೋಟೋ ಕೂಡ ಕೇಳಿ ಪಡೆದೆ. ಅದಿಲ್ಲದೆ ಯಾವ ಪಾಯಿಂಟಿಗೆ ಯಾವುದು ಜೋಡಿಸಬೇಕು ಎಂದು ತಿಳಿಯುತ್ತಲೇ ಇರಲಿಲ್ಲ. ಸರ್ವೆ ಮಾಡಿಸುವವರು ಈ ಫೋಟೋವನ್ನು ದುಡ್ಡು ಕೊಡುವ ಮೊದಲೇ ತೆಗೆದುಕೊಳ್ಳಿ.

ಹಂತ 2: ಪಾಯಿಂಟ್ ಹಾಕುವುದು, ಮತ್ತು ಕನ್ನಡಿ ಜಾಗ

ಮಾಮೂಲಿ ಆಟೋಕ್ಯಾಡ್‌ಗೆ ಸಿಎಸ್‌ವಿಯನ್ನು ನೇರವಾಗಿ ನುಂಗಲು ಬರುವುದಿಲ್ಲ. ಸಿವಿಲ್ 3ಡಿ ಇದ್ದರೆ ಬರುತ್ತದೆ, ನನ್ನ ಹತ್ತಿರ ಇಲ್ಲ. ಹಾಗಾಗಿ ಎಕ್ಸೆಲ್‌ನಲ್ಲಿ ಒಂದು ಹೊಸ ಕಾಲಂ ಮಾಡಿ, ಪಾಯಿಂಟ್ ಕಮಾಂಡ್, ಒಂದು ಸ್ಪೇಸ್, ಮೊದಲ ಅಳತೆ, ಕಾಮಾ, ಎರಡನೇ ಅಳತೆ ಎಂದು ಜೋಡಿಸಿದೆ. ಆ ಕಾಲಮನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ ಸ್ಕ್ರಿಪ್ಟ್ ಫೈಲ್ (ಸಾಲು ಸಾಲಾಗಿ ತಾನೇ ಓಡುವ ಕಮಾಂಡ್‌ಗಳ ಪಟ್ಟಿ) ಮಾಡಿದೆ. ಪಿಡಿಮೋಡ್ ಅನ್ನುವ ಸೆಟ್ಟಿಂಗ್ 3 ಇಟ್ಟರೆ ಪ್ರತಿ ಪಾಯಿಂಟ್ ಒಂದು ಗುಣಾಕಾರ ಚಿಹ್ನೆಯಾಗಿ ಕಾಣುತ್ತದೆ. ಇಲ್ಲದಿದ್ದರೆ ಚುಕ್ಕಿ, ಕಣ್ಣಿಗೇ ಬೀಳುವುದಿಲ್ಲ.

ಸ್ಕ್ರಿಪ್ಟ್ ಓಡಿತು. ಜಾಗದ ಆಕಾರ ಬಂತು. ಟೇಪಿನಲ್ಲಿ ಅಳೆದ ಎರಡು ಬದಿಗೆ ತಾಳೆ ನೋಡಿದೆ, ಸೆಂಟಿಮೀಟರ್ ಲೆಕ್ಕದಲ್ಲಿ ಸರಿ. ಖುಷಿಯಲ್ಲಿ ಸ್ಕ್ರೀನ್ ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನ್.

"ಬಾವಿ ಎಂತಕ್ಕೆ ಎಡಗಡೆ ಹೋಗಿದೆ?"

ನಮ್ಮ ಗೇಟಿನಲ್ಲಿ ಒಳಗೆ ಮುಖ ಮಾಡಿ ನಿಂತರೆ ಬಾವಿ ಬಲಕ್ಕೆ. ನಕ್ಷೆಯಲ್ಲಿ ಎಡಕ್ಕೆ. ಕಾರಣ ಇಷ್ಟೇ: ಸರ್ವೆಯರ್ ಫೈಲಿನಲ್ಲಿ ನಾರ್ತಿಂಗ್ (ಉತ್ತರಕ್ಕೆ ಎಷ್ಟು) ಮೊದಲು, ಈಸ್ಟಿಂಗ್ (ಪೂರ್ವಕ್ಕೆ ಎಷ್ಟು) ಆಮೇಲೆ. ಆಟೋಕ್ಯಾಡ್‌ಗೆ ಎಕ್ಸ್ ಅಂದರೆ ಈಸ್ಟಿಂಗ್, ಅದೇ ಮೊದಲು ಬರಬೇಕು. ಎರಡು ಅದಲು ಬದಲಾದರೆ ಜಾಗ ಬರೀ ತಿರುಗುವುದಿಲ್ಲ, ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ.

ಇದರಲ್ಲಿ ಅಪಾಯ ಏನೆಂದರೆ, ಮಗುಚಿದ ಜಾಗದಲ್ಲೂ ಎಲ್ಲ ಬದಿಗಳ ಉದ್ದ ಸರಿಯಾಗಿಯೇ ಇರುತ್ತದೆ. ವಿಸ್ತೀರ್ಣವೂ ಅಷ್ಟೇ. ಕರ್ಣ ಅಳೆದರೂ ಸರಿ. ಟೇಪು ಹಿಡಿದು ಎಷ್ಟು ತಾಳೆ ನೋಡಿದರೂ ಸಿಕ್ಕಿಬೀಳುವುದಿಲ್ಲ. ನಿಜವಾದ ಯುಟಿಎಂ (ಭೂಮಿಯನ್ನು ವಲಯಗಳಾಗಿ ಭಾಗಿಸಿ ಮೀಟರಿನಲ್ಲಿ ಅಳೆಯುವ ಪದ್ಧತಿ) ನಿರ್ದೇಶಾಂಕ ಆಗಿದ್ದರೆ ಒಂದು ನೋಟಕ್ಕೆ ತಿಳಿಯುತ್ತಿತ್ತು. ಬ್ರಹ್ಮಾವರದ ಕಡೆ ಈಸ್ಟಿಂಗ್ 4 ಲಕ್ಷದ 72 ಸಾವಿರದ ಆಸುಪಾಸು, ನಾರ್ತಿಂಗ್ 14 ಲಕ್ಷದ 84 ಸಾವಿರದ ಆಸುಪಾಸು. ಆರಂಕಿ ಯಾವುದು, ಏಳಂಕಿ ಯಾವುದು ಎಂದು ನೋಡಿದರೆ ಮುಗಿಯಿತು. 1000, 1000ದಿಂದ ಶುರುವಾದ ಫೈಲಿನಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಾಣುತ್ತವೆ. ನಂಬಬಹುದಾದ ಪರೀಕ್ಷೆ ಒಂದೇ: ಗೇಟಿನಿಂದ ಶುರು ಮಾಡಿ ಬಲಕ್ಕೆ ಸುತ್ತು ಬಂದರೆ ಏನೇನು ಸಿಗುತ್ತದೆ ಎಂದು ಕಾಗದದಲ್ಲಿ ಬರೆದುಕೊಂಡು, ಅದೇ ಸರದಿ ಪರದೆಯಲ್ಲೂ ಬರುತ್ತದಾ ಎಂದು ನೋಡುವುದು.

ಹಂತ 3: ಪಾಯಿಂಟ್ ಮೇಲೆ ಪಾಯಿಂಟ್

ಕಾಲಂ ಬದಲಿಸಿ ಮತ್ತೆ ಸ್ಕ್ರಿಪ್ಟ್ ಓಡಿಸಿದೆ. ಈ ಸಲ ಬಾವಿ ಬಲಕ್ಕೆ ಬಂತು. ಆದರೆ ಗೇಟಿನ ಕಂಬದ ನಾಲ್ಕು ಮೂಲೆಗಳಲ್ಲಿ ಎರಡೇ ಕಾಣುತ್ತಿವೆ. ಒಟ್ಟು ಪಾಯಿಂಟ್ ಎಣಿಸಿದರೆ 46 ಇದೆ. ಒಂದರ ಮೇಲೊಂದು ಕೂತಿವೆ!

ಫೈಲಿನಲ್ಲಿ ಸಂಖ್ಯೆ ಸರಿ ಇದೆ, ಪರದೆಯಲ್ಲಿ ತಪ್ಪು. ಇದಕ್ಕೆ ತಲೆ ಕೆರೆದುಕೊಂಡದ್ದೇ ಕೆರೆದುಕೊಂಡದ್ದು. ಕೊನೆಗೆ ಸಿಕ್ಕಿತು: ಓಸ್ನ್ಯಾಪ್, ಹತ್ತಿರದ ಮೂಲೆಗೋ ಪಾಯಿಂಟಿಗೋ ತಾನೇ ಅಂಟಿಕೊಳ್ಳುವ ಸೌಲಭ್ಯ. ಡಕ್ಟ್ ಕೆಲಸಕ್ಕೆ ನಾನು ಓಸ್ನ್ಯಾಪ್ ಯಾವಾಗಲೂ ಹಾಕಿಯೇ ಇಡುತ್ತೇನೆ, ನೋಡ್ (ಪಾಯಿಂಟಿಗೆ ಅಂಟುವ ಆಯ್ಕೆ) ಕೂಡ ಅದರಲ್ಲಿ ಸೇರಿದೆ. ಕೀಬೋರ್ಡಿನಲ್ಲಿ ಟೈಪ್ ಮಾಡಿದ ಸಂಖ್ಯೆಗೆ ಓಸ್ನ್ಯಾಪ್ ಅಡ್ಡ ಬರುವುದಿಲ್ಲ, ಆದ್ದರಿಂದ ಈ ತನಕ ಗೊತ್ತಾಗಿರಲಿಲ್ಲ. ಸ್ಕ್ರಿಪ್ಟಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಓಸ್ನ್ಯಾಪ್‌ಕೋಆರ್ಡ್ ಅನ್ನುವ ಸೆಟ್ಟಿಂಗ್ ಮೊದಲಿಂದ 2 ಇರುತ್ತದೆ, ಅದರ ಅರ್ಥವೇ ಅದು. ಜೂಮ್ ಹೊರಗೆ ಮಾಡಿಕೊಂಡು ಓಡಿಸಿದರೆ, ಹತ್ತಿರದ ಪಾಯಿಂಟ್ ಹೊಸದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಪರಿಹಾರ: ಓಸ್ನ್ಯಾಪ್ ಬಂದ್ ಮಾಡಲು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಓಎಸ್‌ಮೋಡ್ 0 ಎಂದು ಬರೆಯುವುದು. ಕೊನೆ ಸಾಲಿನಲ್ಲಿ ಹಳೆ ಸಂಖ್ಯೆ ವಾಪಸ್. ಅಥವಾ ಓಸ್ನ್ಯಾಪ್‌ಕೋಆರ್ಡ್ 1 ಮಾಡಿಟ್ಟರೂ ಆಗುತ್ತದೆ.

ಪಾಯಿಂಟ್ ನಂಬರ್ ಮತ್ತು ಎತ್ತರವನ್ನು ಅಕ್ಷರದಲ್ಲಿ ಹಾಕಲು ಇನ್ನೊಂದು ಸ್ಕ್ರಿಪ್ಟ್ ಮಾಡಿದೆ. ಅಲ್ಲಿ ಇರುವ ಕಿರಿಕಿರಿ ಒಂದೇ. ಟೆಕ್ಸ್ಟ್ ಸ್ಟೈಲಿನಲ್ಲಿ ಅಕ್ಷರದ ಎತ್ತರ ಮೊದಲೇ ನಿಗದಿ ಆಗಿದ್ದರೆ ಕಮಾಂಡ್ ಎತ್ತರ ಕೇಳುವುದೇ ಇಲ್ಲ. ಆಗ ನೀವು ಎತ್ತರಕ್ಕೆ ಅಂತ ಕೊಟ್ಟ ಉತ್ತರ ತಿರುವಿನ ಪ್ರಶ್ನೆಗೆ ಹೋಗಿ ಎಲ್ಲ ಅಸ್ತವ್ಯಸ್ತ. ಸ್ಟೈಲಿನಲ್ಲಿ ಎತ್ತರ 0 ಇಡಿ.

ಹಂತ 4: ಗೆರೆ

ಈ ಭಾಗದಲ್ಲಿ ಹೇಳಲು ಹೆಚ್ಚೇನಿಲ್ಲ. ಗೋಡೆ, ಮನೆ, ಬಾವಿ, ರಸ್ತೆ, ಮರ, ಕರೆಂಟ್, ನೆಲದ ಮಟ್ಟ, ಒಂದೊಂದಕ್ಕೆ ಒಂದೊಂದು ಲೇಯರ್ (ಪದರ). ಕೈನಕ್ಷೆ ನೋಡಿಕೊಂಡು ಪಾಲಿಲೈನ್, ಅಂದರೆ ಮೂಲೆಯಿಂದ ಮೂಲೆಗೆ ಜೋಡಿಸಿದ ಒಂದೇ ಗೆರೆ. ಗಡಿಯ ಪಾಲಿಲೈನ್ ಕ್ಲೋಸ್ ಮಾಡಲೇಬೇಕು.

ನಾಗಬನ ಮಾತ್ರ ಬೇರೆ ಥರ ಮಾಡಬೇಕಾಯಿತು. ನೈಋತ್ಯ ಮೂಲೆಯಲ್ಲಿ ಸಣ್ಣ ಬನ ಇದೆ. ಒಳಗೆ ಪ್ರಿಸಂ ಕೋಲು ಹಿಡಿದುಕೊಂಡು ಯಾರೂ ಹೋಗಲಿಲ್ಲ, ಹೋಗುವುದು ಬೇಡ ಅಂತ ಚಿಕ್ಕಮ್ಮ ಮೊದಲೇ ಹೇಳಿದ್ದರು. ಹಾಗಾಗಿ ಅದರ ಕಟ್ಟೆಯ ಅಂಚನ್ನು ಹೊರಗಿನಿಂದ, ಪಶ್ಚಿಮ ಮತ್ತು ದಕ್ಷಿಣ ಗೋಡೆಯಿಂದ ಟೇಪು ಹಿಡಿದು ಅಳೆದು ಆಫ್‌ಸೆಟ್ (ಗೋಡೆಗೆ ಸಮಾನಾಂತರ) ಗೆರೆಯಲ್ಲಿ ತೋರಿಸಿದ್ದೇನೆ. ಟಿಪ್ಪಣಿಯಲ್ಲಿ "ಟೇಪು ಅಳತೆ" ಅಂತ ಬರೆದಿದೆ. ಎಂಜಿನಿಯರ್‌ಗೆ ಅಲ್ಲಿ ಬೇಕಾದದ್ದು ಎಷ್ಟು ದೂರ ಬಿಡಬೇಕು ಎನ್ನುವುದು ಮಾತ್ರ, ಮಿಲಿಮೀಟರ್ ಬೇಡ.

ನೆಲದ ಮಟ್ಟದ ಸಂಖ್ಯೆಗಳನ್ನು ಹಾಗೆಯೇ ಬರೆದೆ. ಪೂರ್ವದ ರಸ್ತೆಗಿಂತ ಪಶ್ಚಿಮದ ಅಂಚು 60 ಸೆಂಟಿಮೀಟರ್ ತಗ್ಗು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ ಈ ಸಂಖ್ಯೆ ಗಡಿಯಷ್ಟೇ ಮುಖ್ಯ. ರಸ್ತೆಯ ನೀರು ಗೇಟಿನಲ್ಲಿ ನುಗ್ಗಿ ಅಂಗಳ ದಾಟಿ ಹಿಂದಿನ ತೋಡಿಗೆ ಹೋಗುತ್ತದೆ. ಹೊಸ ಮನೆಯನ್ನು ಅದರ ದಾರಿಗೆ ಅಡ್ಡ ಕಟ್ಟುವುದು ಬೇಡ ಎಂದು ಬಾಣದ ಗುರುತು ಹಾಕಿಟ್ಟೆ.

ಗಡಿಯ ಐದು ಬದಿಗಳು ಹೀಗೆ ಬಂದವು. ಉತ್ತರ 28.62 ಮೀಟರ್, ಪೂರ್ವ 26.80, ಆಗ್ನೇಯದಲ್ಲಿ ದಾರಿ ತಿರುಗುವಲ್ಲಿ ಓರೆಯಾಗಿ 7.76, ದಕ್ಷಿಣ 28.11, ಪಶ್ಚಿಮ 31.34. ವಿಸ್ತೀರ್ಣ 969.76 ಚದರ ಮೀಟರ್. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ, 40.4686 ಚದರ ಮೀಟರ್. ಭಾಗಿಸಿದರೆ 23.96.

ಒಂದು ಸೆಂಟ್ಸ್ ಕಡಿಮೆ.

ಹಂತ 5: ಆ ಒಂದು ಸೆಂಟ್ಸ್ ಎಲ್ಲಿ ಹೋಯಿತು

ನಿಜ ಹೇಳಬೇಕೆಂದರೆ ಮೊದಲು ಮನಸ್ಸಿಗೆ ಬಂದದ್ದು ಸುಲಭದ ದಾರಿ. ಪೂರ್ವದ ಗೆರೆಯನ್ನು ಹಿಡಿದು ಒಂದೂವರೆ ಮೀಟರ್ ಆಚೆ ಎಳೆದರೆ 25 ಆಗಿಬಿಡುತ್ತದೆ. ಆಫೀಸಿನಲ್ಲಿ ಒಬ್ಬ ಹಿರಿಯರು ಕೂಡ "ಆರ್‌ಟಿಸಿಗೆ ಕೂಡಿಸಿಬಿಡು ಮಾರಾಯ, ಯಾರು ನೋಡ್ತಾರೆ" ಅಂದರು. ನೋಡುವವರು ಮನೆ ಮೇಸ್ತ್ರಿ. ಎಂಜಿನಿಯರ್ ಆ ಗೆರೆಯಿಂದ ಅಳೆದು ಮನೆ ಕೂರಿಸುತ್ತಾರೆ. ಮೇಸ್ತ್ರಿ ಜಾಗದಲ್ಲಿ ಗೋಡೆಯಿಂದ ಅಳೆಯುತ್ತಾನೆ. ಪಂಚಾಂಗಕ್ಕೆ, ಅಂದರೆ ಮನೆಯ ಅಡಿಪಾಯಕ್ಕೆ, ಗುರುತು ಹಾಕುವ ದಿನ ಒಂದೂವರೆ ಮೀಟರ್ ಜಗಳ ಶುರು.

ಎಫ್‌ಎಂಬಿ ತೆಗೆದೆ. ದಕ್ಷಿಣ ಕನ್ನಡ, ಉಡುಪಿ ಭಾಗ 1956ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ನಮ್ಮಲ್ಲಿ ಗುಂಟೆ ಇಲ್ಲ, ಸೆಂಟ್ಸ್. ನಮ್ಮ ಹಾಳೆಯಲ್ಲಿ ಉದ್ದ ಇರುವುದು ಲಿಂಕ್‌ನಲ್ಲಿ. 66 ಅಡಿಯ ಒಂದು ಚೈನಿಗೆ 100 ಲಿಂಕ್, ಒಂದು ಲಿಂಕಿಗೆ 0.201168 ಮೀಟರ್. ಹಾಳೆಯನ್ನು ಸ್ಕ್ಯಾನ್ ಮಾಡಿ ಅದರ ಮೇಲೆ ಗೆರೆ ಎಳೆಯಲು ನೋಡಿದೆ, ಆಗಲಿಲ್ಲ. ಜೆರಾಕ್ಸಿನ ಜೆರಾಕ್ಸ್ ಅದು, ಅಡ್ಡಕ್ಕೆ ಒಂದು ಅಳತೆ, ಉದ್ದಕ್ಕೆ ಇನ್ನೊಂದು. ಅದರಲ್ಲಿ ಬರೆದ ಸಂಖ್ಯೆಗಳನ್ನು ಓದಿ ಹೊಸದಾಗಿಯೇ ಎಳೆಯಬೇಕು. ನಡುವೆ ಒಂದು ಉದ್ದ ಗೆರೆ, ಅದರಿಂದ ಎರಡೂ ಕಡೆಗೆ ಲಂಬವಾಗಿ ಅಳೆದ ಆಫ್‌ಸೆಟ್ ದೂರಗಳು, ಏಣಿಯ ಮೆಟ್ಟಿಲುಗಳ ಹಾಗೆ. ಕ್ಯಾಡ್‌ನಲ್ಲಿ ಇದು ಸಲೀಸು. 6 ಮತ್ತು 8 ಗೊಂದಲ ಆದಲ್ಲಿ ಮಾತ್ರ ಭೂತಕನ್ನಡಿ ಹಿಡಿದೆ.

ಪಶ್ಚಿಮ ಬದಿ ಎಫ್‌ಎಂಬಿಯಲ್ಲಿ 156 ಲಿಂಕ್. ಮೀಟರಿಗೆ ತಂದರೆ 31.38. ನಮ್ಮ ಅಳತೆ 31.34. ಇಷ್ಟು ಹಳೆಯ ಸರಪಳಿ ಅಳತೆ ಮತ್ತು ಈಗಿನ ಲೇಸರ್ ನಡುವೆ 4 ಸೆಂಟಿಮೀಟರ್! ಅದನ್ನು ಅಳೆದವರಿಗೆ ಒಂದು ನಮಸ್ಕಾರ. ಉತ್ತರ ಬದಿ 150 ಲಿಂಕ್, ಅಂದರೆ 30.18 ಮೀಟರ್. ನಮ್ಮದು 28.62. ಇಲ್ಲಿ 1.55 ಮೀಟರ್ ಕಡಿಮೆ, ಹೆಚ್ಚುಕಮ್ಮಿ 5 ಅಡಿ 1 ಇಂಚು. ಅಂದರೆ ಪಶ್ಚಿಮ ಸರಿ ಇದೆ, ಪೂರ್ವದ ಗೋಡೆ ಒಳಗೆ ಬಂದಿದೆ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಹೌದಲ್ಲ, ರಸ್ತೆ ಕಾಂಕ್ರೀಟ್ ಆಗುವಾಗ ನಿನ್ನ ಚಿಕ್ಕಪ್ಪ ಗೋಡೆ ಒಳಗೆ ಕಟ್ಟಿಸಿದ್ದು. ಬಸ್ಸು ಬರಬೇಕಲ್ಲ ಅಂತ." ಬರವಣಿಗೆಯಲ್ಲಿ ಏನಾದರೂ ಇದೆಯಾ ಅಂದರೆ, ಇಲ್ಲ.

ಈಗ ಆ ಎಸ್‌ಟಿ ಪಾಯಿಂಟ್. ಒಂದು ನಿಜಕ್ಕೂ ಉಪಕರಣ ಇಟ್ಟ ಜಾಗ, ನಂಬರ್ 1. ಇನ್ನೊಂದು ಗೋಡೆಯ ಹೊರಗೆ, ರಸ್ತೆಯ ಚರಂಡಿ ಹತ್ತಿರ. ಅಲ್ಲಿ ಯಾಕೆ ಟ್ರೈಪಾಡ್ ಇಟ್ಟಿದ್ದರು ಅಂತ ಸರ್ವೆಯರನ್ನು ಕೇಳಿದೆ. "ಟ್ರೈಪಾಡ್ ಅಲ್ಲ ಮಾರಾಯ್ರೆ, ಅಲ್ಲೊಂದು ಹಳೇ ಕಲ್ಲು ಉಂಟು. ಇರಲಿ ಅಂತ ಶೂಟ್ ಮಾಡಿದ್ದು." ಎಸ್‌ಟಿ ಅಂದರೆ ಸ್ಟೋನ್ ಕೂಡ! ಸಂಜೆ ಹೋಗಿ ನೋಡಿದೆ. ಚರಂಡಿಯ ಅಂಚಿನಲ್ಲಿ ಹುಲ್ಲಿನೊಳಗೆ ಗಡಿಕಲ್ಲಿನ ತಲೆ, ಒಂದು ಮುಷ್ಟಿಯಷ್ಟು ಮೇಲೆ.

ಕ್ಯಾಡ್‌ನಲ್ಲಿ ಉತ್ತರದ ಗೆರೆಯನ್ನು ಮುಂದುವರಿಸಿದರೆ ನೇರ ಆ ಕಲ್ಲಿಗೇ ಹೋಗುತ್ತದೆ. ಗೋಡೆಯ ಮೂಲೆಯಿಂದ 1.58 ಮೀಟರ್. ಎಫ್‌ಎಂಬಿ ಲೆಕ್ಕ 1.55. ಮೂರು ಸೆಂಟಿಮೀಟರ್ ವ್ಯತ್ಯಾಸಕ್ಕೆ ನಾನು ಯಾರ ಹತ್ತಿರವೂ ವಾದ ಮಾಡುವುದಿಲ್ಲ.

ಹಾಗಾಗಿ ನಕ್ಷೆಯಲ್ಲಿ ಪೂರ್ವಕ್ಕೆ ಎರಡು ಗೆರೆ. ಗೋಡೆಯದ್ದು ದಪ್ಪ ಗೆರೆ, ಅಳೆದದ್ದು. ಆಚೆ 1.55 ಮೀಟರ್ ದೂರದಲ್ಲಿ ಎಫ್‌ಎಂಬಿಯ ತುಂಡು ಗೆರೆ. ಎರಡರ ನಡುವಿನ ಪಟ್ಟಿ 40.4 ಚದರ ಮೀಟರ್, ಹೆಚ್ಚುಕಮ್ಮಿ ಸರಿಯಾಗಿ ಒಂದು ಸೆಂಟ್ಸ್. ಕೂಡಿಸಿದರೆ 24.96. ವಿಸ್ತೀರ್ಣದ ಪಟ್ಟಿಯಲ್ಲಿ ಮೂರು ಸಾಲು: ಗೋಡೆಯೊಳಗೆ 23.96, ರಸ್ತೆಯಲ್ಲಿರುವುದು 1.00, ಆರ್‌ಟಿಸಿ ಪ್ರಕಾರ 25. ಉಳಿದ 0.04 ಹಾಗೆಯೇ ಬಿಟ್ಟಿದ್ದೇನೆ. ಅದನ್ನು ಮುಚ್ಚಲು ಯಾವ ಮೂಲೆಯನ್ನೂ ಸರಿಸಲಿಲ್ಲ.

ಈ ಸಂಖ್ಯೆಗಳನ್ನು ಟೈಪ್ ಮಾಡಲಿಲ್ಲ, ಫೀಲ್ಡ್ ಆಗಿ ಹಾಕಿದೆ, ಅಂದರೆ ಗೆರೆಯಿಂದಲೇ ಸಂಖ್ಯೆ ಓದಿಕೊಳ್ಳುವ ಹಾಗೆ. ಪಾಲಿಲೈನಿನ ಏರಿಯಾ, ಪರಿವರ್ತನೆಗೆ 0.0247105. ಗೆರೆ ಅಲ್ಲಾಡಿದರೆ ರೀಜೆನ್ (ಪರದೆಯನ್ನು ಹೊಸದಾಗಿ ಎಳೆಯುವ ಕಮಾಂಡ್) ಮಾಡಿದ ಕೂಡಲೇ ಸಂಖ್ಯೆಯೂ ಬದಲಾಗುತ್ತದೆ. ಇದು ಮುಂದಿನ ಹಂತದಲ್ಲೇ ನನ್ನನ್ನು ಉಳಿಸಿತು.

ಹಂತ 6: ಉತ್ತರ ಎಲ್ಲಿದೆ

1000, 1000 ಪದ್ಧತಿಯ ಎರಡನೇ ತೊಂದರೆ ಇದು. ಸರ್ವೆಯರ್ ಉತ್ತರವನ್ನು ಫೋನಿನ ಕಂಪಾಸ್ ನೋಡಿ ಇಟ್ಟುಕೊಂಡಿದ್ದರು, ಅದೂ ಕಬ್ಬಿಣದ ಗೇಟಿನ ಪಕ್ಕ ನಿಂತು. ನಮ್ಮ ಕಡೆ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ಅಂತರ, ಆದರೆ ಗೇಟು ಅಷ್ಟಕ್ಕೆ ಬಿಡುವುದಿಲ್ಲ. ಎಂಜಿನಿಯರ್‌ಗೆ ಬಿಸಿಲಿನ ಲೆಕ್ಕಕ್ಕೆ ಉತ್ತರ ಬೇಕು. ಚಿಕ್ಕಮ್ಮನಿಗೆ ವಾಸ್ತು ನೋಡುವವರು ಕೇಳುತ್ತಾರೆ. ಇಬ್ಬರಿಗೂ ತಪ್ಪು ಬಾಣ ಕೊಡುವಂತಿಲ್ಲ.

ಮೊದಲು ಉಪಗ್ರಹ ಚಿತ್ರ. ಕ್ಯೂಜಿಐಎಸ್ ಅನ್ನುವ ಭೂಪಟದ ಸಾಫ್ಟ್‌ವೇರಿನಲ್ಲಿ ಯುಟಿಎಂ 43ನೇ ವಲಯ ಹಾಕಿ ಚಿತ್ರ ತೆರೆದೆ. ಸರ್ವೆಯಲ್ಲಿ ಇರುವ, ಚಿತ್ರದಲ್ಲೂ ಕಾಣುವ ಎರಡು ವಸ್ತು ಬೇಕು, ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು. ಕರೆಂಟ್ ಕಂಬದ ಬುಡ ಮತ್ತು ರಸ್ತೆಯ ಮೋರಿಯ ಮೂಲೆ ಸಿಕ್ಕಿತು. ಸರ್ವೆಯಲ್ಲಿ 84.90 ಮೀಟರ್ ಅಂತರ. ಚಿತ್ರ ಒಟ್ಟಾಗಿ ಅತ್ತಿತ್ತ ಸರಿದಿದ್ದರೂ ದಿಕ್ಕಿಗೆ ತೊಂದರೆ ಇಲ್ಲ. ವಲಯದ ನಡು ರೇಖಾಂಶ 75 ಡಿಗ್ರಿ, ನಾವು ಅದರ ಹತ್ತಿರವೇ ಇದ್ದೇವೆ. ಹಾಗಾಗಿ ಗ್ರಿಡ್ ಉತ್ತರಕ್ಕೂ (ಯುಟಿಎಂ ಚೌಕಗಳ ಉತ್ತರ) ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗವೂ ಅಂತರ ಇಲ್ಲ.

ಆಟೋಕ್ಯಾಡ್‌ನಲ್ಲಿ ಅಲೈನ್ ಕಮಾಂಡ್ ಕೊಟ್ಟು ಎರಡು ಪಾಯಿಂಟ್ ಜೋಡಿಸಿದೆ. ಕೊನೆಗೆ ಅದು ಕೇಳುತ್ತದೆ: ಸ್ಕೇಲ್ ಮಾಡಬೇಕಾ? ಚಿತ್ರಗಳ ಜೊತೆ ಕೆಲಸ ಮಾಡಿ ಅಭ್ಯಾಸ, ಕೈ ತಾನಾಗಿ ವೈ ಒತ್ತಿತು. ಜಾಗ ಚೆನ್ನಾಗಿ ತಿರುಗಿ ಕೂತಿತು. ರೀಜೆನ್ ಆದಾಗ ಪಟ್ಟಿಯಲ್ಲಿ 23.96 ಇದ್ದದ್ದು 23.46 ಆಗಿದೆ! ಚಿತ್ರದಲ್ಲಿ ಆ ಅಂತರ 84 ಮೀಟರ್ ಬಂದಿತ್ತು, ಸರ್ವೆಯ ಅಳತೆಯನ್ನು ಆಟೋಕ್ಯಾಡ್ ಅದಕ್ಕೆ ಕುಗ್ಗಿಸಿಬಿಟ್ಟಿದೆ. ಟೈಪ್ ಮಾಡಿದ ಸಂಖ್ಯೆ ಆಗಿದ್ದರೆ ಅರ್ಧ ಸೆಂಟ್ಸ್ ಹೋದದ್ದು ಗೊತ್ತೇ ಆಗುತ್ತಿರಲಿಲ್ಲ. ಹಿಂದೆ ಬಂದು, ಈ ಸಲ ಎನ್. ತಿರುವು 4.3 ಡಿಗ್ರಿ.

ಚಿತ್ರದಲ್ಲಿ ಕಂಬದ ಬುಡ ಒಂದು ಮೀಟರ್ ತಪ್ಪಾಗಿ ಗುರುತಿಸಿದ್ದರೂ 0.7 ಡಿಗ್ರಿ ಹೋಗುತ್ತದೆ. ಅದಕ್ಕೆ ನೆರಳಿನಲ್ಲೂ ನೋಡಿದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 74.75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವುದು 31 ನಿಮಿಷ ತಡ. ಜನವರಿ ನಡುವಿನಲ್ಲಿ ಸೂರ್ಯ ಇನ್ನೂ 9 ನಿಮಿಷ ಹಿಂದೆ ಇರುತ್ತಾನೆ. ಅಲ್ಲಿಗೆ 12 ಗಂಟೆ 40 ನಿಮಿಷ. ಹಳೆ ಮನೆಯ ಪೂರ್ವದ ಮಾಡಿನಿಂದ (ಛಾವಣಿಯಿಂದ) ಒಂದು ಪಕ್ಕಾಸು, ಅಂದರೆ ಮರದ ಪಟ್ಟಿ, ಹೊರಗೆ ಚಾಚಿ, ಮೇಸ್ತ್ರಿಯ ತೂಕದ ಗುಂಡನ್ನು 3 ಮೀಟರ್ ಎತ್ತರದಿಂದ ಇಳಿಬಿಟ್ಟೆ. ಸರಿಯಾಗಿ 12.40ಕ್ಕೆ ದಾರದ ನೆರಳಿನ ಎರಡು ತುದಿಗೆ ಮೊಳೆ ಹೊಡೆದೆ. ನೆರಳು 2 ಮೀಟರ್‌ಗಿಂತ ಸ್ವಲ್ಪ ಉದ್ದ. ಮೊಳೆಗಳಿಂದ ಮನೆಯ ಎರಡು ಮೂಲೆಗೆ ಟೇಪು ಹಿಡಿದು, ಕ್ಯಾಡ್‌ನಲ್ಲಿ ವೃತ್ತಗಳು ಕೂಡುವಲ್ಲಿ ಮೊಳೆ ಗುರುತಿಸಿದೆ. ತಿರುವು 4.8 ಡಿಗ್ರಿ ಬಂತು.

ಆ ಹೊತ್ತಿಗೆ ಒಂದು ನಿಮಿಷ ತಪ್ಪಿದರೆ 0.4 ಡಿಗ್ರಿ ಹೋಗುತ್ತದೆ, ಮೊಳೆ ಒಂದು ಸೆಂಟಿಮೀಟರ್ ಆಚೀಚೆ ಆದರೆ ಇನ್ನೂ 0.3. ಎರಡು ದಾರಿಯಲ್ಲೂ ಇಷ್ಟೇ ನಿಖರತೆ ಸಾಧ್ಯ ಅಂತ 4.5 ಇಟ್ಟುಕೊಂಡೆ. ಏಪ್ರಿಲ್ ಕೊನೆಯಲ್ಲಿ ಈ ಆಟ ಆಡಲು ಹೋಗಬೇಡಿ, ನಡು ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ, ನೆರಳೇ ಸಿಗುವುದಿಲ್ಲ.

ಹಂತ 7: ಅಡಿ, ಇಂಚು, ಪ್ರಿಂಟು

ನಕ್ಷೆ ಮೀಟರಿನಲ್ಲಿ, ಮೇಸ್ತ್ರಿಗೆ ಅಡಿಯಲ್ಲಿ ಬೇಕು. ಡೈಮೆನ್ಷನ್ ಸ್ಟೈಲಿನಲ್ಲಿ ಆಲ್ಟರ್ನೇಟ್ ಯೂನಿಟ್ (ಪಕ್ಕದಲ್ಲಿ ತೋರಿಸುವ ಎರಡನೇ ಅಳತೆ) ಹಾಕಿ, ಆರ್ಕಿಟೆಕ್ಚರಲ್ (ಅಡಿ, ಇಂಚು) ಆರಿಸಿ, ಗುಣಕ 3.28 ಕೊಟ್ಟೆ. 28.62 ಮೀಟರಿನ ಪಕ್ಕದಲ್ಲಿ 7 ಅಡಿ 10 ಇಂಚು ಅಂತ ಬಂತು. ಆರ್ಕಿಟೆಕ್ಚರಲ್ ಯೂನಿಟ್ ಕೊಟ್ಟ ಸಂಖ್ಯೆಯನ್ನೆಲ್ಲ ಇಂಚು ಅಂತಲೇ ತಿಳಿಯುತ್ತದೆ. ಗುಣಕ 39.3701 ಕೊಡಬೇಕು. ಆಗ 93 ಅಡಿ 11 ಇಂಚು.

ಲೇಔಟ್ ಎ3 ಹಾಳೆಗೆ, ಸ್ಕೇಲ್ 1:200. ಮೀಟರಿನ ನಕ್ಷೆ, ಮಿಲಿಮೀಟರಿನ ಹಾಳೆ, ಹಾಗಾಗಿ ವ್ಯೂಪೋರ್ಟ್ ಜೂಮ್ 5ಎಕ್ಸ್‌ಪಿ, ಅಂದರೆ ಒಂದು ಮೀಟರಿಗೆ ಹಾಳೆಯಲ್ಲಿ 5 ಮಿಲಿಮೀಟರ್. ಪಿಡಿಎಫ್ ಮಾಡಿ ಅಂಗಡಿಗೆ ಒಯ್ದೆ. ಬಂದ ಹಾಳೆಯಲ್ಲಿ ಉತ್ತರದ ಗೋಡೆ 143 ಮಿಲಿಮೀಟರ್ ಇರಬೇಕಾದಲ್ಲಿ 137. ಫಿಟ್ ಟು ಪೇಜ್ ಹಾಕಿ ಪ್ರಿಂಟ್ ಕೊಟ್ಟಿದ್ದಾರೆ. ಸ್ಕೇಲ್ ಪಟ್ಟಿಯನ್ನೂ ನಕ್ಷೆಯಲ್ಲೇ ಎಳೆದಿದ್ದರಿಂದ ಆ ಹಾಳೆ ಪೂರ್ತಿ ದಂಡ ಆಗಲಿಲ್ಲ, ಪಟ್ಟಿಯೂ ಜೊತೆಗೇ ಕುಗ್ಗಿದೆಯಲ್ಲ. ಆದರೂ "ಆಕ್ಚುಯಲ್ ಸೈಜ್" ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ತೆಗೆಸಿದೆ. ಹಾಳೆಗೆ 30 ರೂಪಾಯಿ.

ಎಂಜಿನಿಯರ್‌ಗೆ ಡಿಡಬ್ಲ್ಯುಜಿಯನ್ನು (ಆಟೋಕ್ಯಾಡ್ ಫೈಲನ್ನು) 2013ರ ಫಾರ್ಮ್ಯಾಟಿಗೆ ಇಳಿಸಿ ಕಳಿಸಿದೆ, ಅವರಲ್ಲಿ ಹಳೆ ಆವೃತ್ತಿ ಇದೆ. ಅವರು ಮೊದಲು ಕೇಳಿದ್ದು ಆ ತುಂಡು ಗೆರೆ ಏನು ಅಂತ. ಹೇಳಿದೆ. "ಸರಿ, ಹಾಗಾದ್ರೆ ನಾನು ಗೋಡೆಯಿಂದಲೇ ಬಿಡ್ತೇನೆ" ಅಂದರು. ಮನೆಯ ಗುರುತು ಈಗ ಬಾವಿಯಿಂದ ಸ್ವಲ್ಪ ದಕ್ಷಿಣಕ್ಕೆ, ನೀರಿನ ಬಾಣಕ್ಕೆ ಅಡ್ಡ ಬಾರದ ಹಾಗೆ ಕೂತಿದೆ.

ಬಾಕಿ ಇರುವುದು ಆಗ್ನೇಯ ಮೂಲೆ. ಎಫ್‌ಎಂಬಿ ಪ್ರಕಾರ ಅಲ್ಲೂ ಒಂದು ಕಲ್ಲು ಇರಬೇಕು. ಹುಡುಕಿದರೆ ಕಾಣಲಿಲ್ಲ, ರಸ್ತೆಯ ಕಾಂಕ್ರೀಟಿನ ಕೆಳಗೆ ಹೋಗಿರಬಹುದು. ನಕ್ಷೆಯಲ್ಲಿ ಆ ಮೂಲೆಗೆ ಸುತ್ತು ಹಾಕಿ "ಲೆಕ್ಕದಿಂದ ಗುರುತಿಸಿದ್ದು, ಕಲ್ಲು ಸಿಕ್ಕಿಲ್ಲ" ಎಂದು ಬರೆದಿದ್ದೇನೆ. ಚಿಕ್ಕಮ್ಮ ಹದ್ದುಬಸ್ತಿಗೆ ಅರ್ಜಿ ಹಾಕಿದ್ದಾರೆ. ಇಲಾಖೆಯವರು ಅಳೆಯಲು ಬಂದಾಗ ಉತ್ತರದ ಕಲ್ಲನ್ನು ತೋರಿಸಲು ಅದರ ಸುತ್ತಲಿನ ಹುಲ್ಲು ಕೆರೆಸಿ, ತಲೆಗೆ ಕೆಂಪು ಪೇಂಟ್ ಬಳಿಸಿಟ್ಟಿದ್ದಾರೆ.